ಮಣ್ಣಿನಿಂದ ಹೊಮ್ಮುವ ಪಾದರಸದ ಆವಿಯ ಅಳತೆ: ಐತಿಹಾಸಿಕ ಆಧಾರವಾಗಿ ಅದರ ಬೆಲೆ

೧

ವಸಾಹತು ಕಾಲದ ಅಮೆರಿಕ ಖಂಡದ ಬೆಳ್ಳಿಯ ಇತಿಹಾಸವನ್ನು ಬರೆಯುವವರು ಬಹುಕಾಲ ಸ್ಪೇನಿನ ರಾಜಭಂಡಾರದ ಕಡತಗಳನ್ನೇ ನೆಚ್ಚಿಕೊಂಡಿದ್ದರು. ಈಚಿನ ಮೂರು ದಶಕಗಳಲ್ಲಿ ಆ ಕಡತಗಳ ಪಕ್ಕದಲ್ಲಿ ಇನ್ನೊಂದು ಆಧಾರವು ಬಂದು ಕುಳಿತಿದೆ. ಹಳೆಯ ಗಣಿಯೂರುಗಳ ಮಣ್ಣಿನಲ್ಲಿ ಉಳಿದಿರುವ ಪಾದರಸವೂ, ಆ ಮಣ್ಣಿನಿಂದ ಇಂದಿಗೂ ಹೊಮ್ಮುತ್ತಿರುವ ಅದರ ಆವಿಯೂ ಕೂಡಿ ಈ ಆಧಾರವಾಗಿವೆ. ರಸಾಯನಶಾಸ್ತ್ರಜ್ಞರು ಇದನ್ನು ಅಳೆಯುತ್ತಾರೆ. ಇತಿಹಾಸಕಾರರು ಅವರ ಅಂಕಿಗಳನ್ನು ಎತ್ತಿಕೊಂಡು ತಮ್ಮ ಗ್ರಂಥಗಳಲ್ಲಿ ಸೇರಿಸುತ್ತಾರೆ. ಶಾಸನವೊಂದು ದೊರೆತರೆ ಅದರ ಲಿಪಿ, ಕಾಲ, ಕೂಟತ್ವ ಇವನ್ನೆಲ್ಲ ಪರೀಕ್ಷಿಸದೆ ಒಪ್ಪದ ನಾವು, ಪ್ರಯೋಗಶಾಲೆಯಿಂದ ಬಂದ ಅಂಕಿಯನ್ನು ಮಾತ್ರ ಪರೀಕ್ಷೆಯಿಲ್ಲದೆ ಒಪ್ಪಿಬಿಡುವ ಅಭ್ಯಾಸವು ಬೆಳೆಯುತ್ತಿರುವುದು ಕಂಡುಬರುತ್ತದೆ. ಈ ಅಭ್ಯಾಸವು ಎಷ್ಟರಮಟ್ಟಿಗೆ ಸಾಧು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಿಚಾರಕ್ಕೆ ಎಡೆಮಾಡಿಕೊಟ್ಟ ಕೃತಿಗಳು ಮುಖ್ಯವಾಗಿ ಮೂರು. ೧೯೯೩ರಲ್ಲಿ ಜೆರೋಮ್ ಎನ್ರಿಯಾಗು ಅವರು ‘ನೇಚರ್’ ಪತ್ರಿಕೆಯಲ್ಲಿ ಬರೆದ ಪುಟ್ಟ ಲೇಖನವು ಸ್ಪ್ಯಾನಿಷ್ ಅಮೆರಿಕದ ಬೆಳ್ಳಿಗಣಿಗಳ ಪಾದರಸವು ಇಂದಿನ ಜಗತ್ತಿಗೂ ಒಂದು ಹೊರೆಯಾಗಿ ಉಳಿದಿದೆಯೆಂಬ ಪ್ರಶ್ನೆಯನ್ನು ಎತ್ತಿತು. ೨೦೧೧ರಲ್ಲಿ ಪ್ರಕಟವಾದ ನಿಕೊಲಸ್ ರಾಬಿನ್ಸ್ ಅವರ ‘ಮರ್ಕ್ಯುರಿ, ಮೈನಿಂಗ್ ಅಂಡ್ ಎಂಪೈರ್’ ಎಂಬ ಗ್ರಂಥವು ಆಂಡೀಸ್ ಪರ್ವತ ಪ್ರದೇಶದ ಗಣಿಗಾರಿಕೆಯು ಅಲ್ಲಿನ ಮೂಲನಿವಾಸಿಗಳಿಂದ ತೆಗೆದುಕೊಂಡ ಬೆಲೆಯನ್ನು ವಿಸ್ತಾರವಾಗಿ ನಿರೂಪಿಸಿತು. ೨೦೧೭ರಲ್ಲಿ ಹೊರಬಂದ ಸಾಉಲ್ ಗೆರೆರೊ ಅವರ ‘ಸಿಲ್ವರ್ ಬೈ ಫೈರ್, ಸಿಲ್ವರ್ ಬೈ ಮರ್ಕ್ಯುರಿ’ ಎಂಬ ಗ್ರಂಥವು ಈ ಇಡೀ ವಾದದ ರಾಸಾಯನಿಕ ತಳಹದಿಯನ್ನೇ ಪ್ರಶ್ನಿಸಿತು. ಈ ಮೂವರ ನಡುವಣ ಭಿನ್ನಾಭಿಪ್ರಾಯವನ್ನು ಮಣ್ಣಿನ ಅಳತೆಯು ತೀರ್ಮಾನಿಸಬಲ್ಲುದೆ? ತೀರ್ಪನ್ನು ಕೇಳುವುದಕ್ಕೆ ಮುಂಚೆ ಸಾಕ್ಷಿಯ ಯೋಗ್ಯತೆಯನ್ನು ಅರಿಯುವುದು ಯುಕ್ತ.

೨

ಲೋಹಗಳಲ್ಲಿ ಪಾದರಸವೊಂದೇ ಸಾಮಾನ್ಯ ಉಷ್ಣತೆಯಲ್ಲಿ ದ್ರವವಾಗಿದ್ದು ಸುಲಭವಾಗಿ ಆವಿಯಾಗುವಂಥದು. ಮಣ್ಣಿನಲ್ಲಿ ಅದು ಹಲವು ರೂಪಗಳಲ್ಲಿರುತ್ತದೆ. ಗಂಧಕದೊಡನೆ ಕೂಡಿದ ಇಂಗಲೀಕವು ಬಹು ಸ್ಥಿರವಾದದ್ದು. ಸಸ್ಯಾಂಶಕ್ಕೆ ಅಂಟಿದ ಪಾದರಸವು ಸೂರ್ಯನ ಬೆಳಕಿನಲ್ಲಿ ಅಪಕರ್ಷಣ ಹೊಂದಿ ಶುದ್ಧ ಲೋಹರೂಪಕ್ಕೆ ಬಂದು ಗಾಳಿಗೆ ಏರುತ್ತದೆ. ಆದುದರಿಂದ ಒಂದೇ ಮಣ್ಣು ನಡುಹಗಲಿನಲ್ಲಿ ಹೆಚ್ಚಾಗಿಯೂ ರಾತ್ರಿಯಲ್ಲಿ ಕಡಿಮೆಯಾಗಿಯೂ ಆವಿಯನ್ನು ಬಿಡುತ್ತದೆ. ಕೆಲವು ವೇಳೆ ಗಾಳಿಯಲ್ಲಿರುವ ಪಾದರಸವನ್ನು ತಾನೇ ಹೀರಿಕೊಳ್ಳುವುದೂ ಉಂಟು.

ಅಳೆಯಬೇಕಾದ ಪ್ರಮಾಣವು ಅತ್ಯಲ್ಪ. ಉತ್ತರ ಗೋಳಾರ್ಧದ ಶುದ್ಧ ಗಾಳಿಯಲ್ಲಿ ಒಂದು ಘನ ಮೀಟರಿಗೆ ಸುಮಾರು ಒಂದೂವರೆ ನ್ಯಾನೋಗ್ರಾಂ ಪಾದರಸವಿರುತ್ತದೆ. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿ ಭಾಗಗಳಲ್ಲಿ ಒಂದು. ಇಷ್ಟು ಸೂಕ್ಷ್ಮವಾದುದನ್ನು ಹಿಡಿಯುವ ಉಪಾಯವು ಇತಿಹಾಸದ ವಿದ್ಯಾರ್ಥಿಗೆ ಕುತೂಹಲಕರವಾದದ್ದು. ಗಾಳಿಯನ್ನು ಚಿನ್ನ ಲೇಪಿಸಿದ ನಳಿಗೆಯೊಂದರ ಮೂಲಕ ಹಾಯಿಸಿದರೆ ಪಾದರಸವು ಚಿನ್ನದೊಡನೆ ಬೆರೆತು ನಿಲ್ಲುತ್ತದೆ. ಬಳಿಕ ನಳಿಗೆಯನ್ನು ಕಾಯಿಸಿ, ಬಿಡುಗಡೆಯಾದ ಆವಿಯ ಮೇಲೆ ನೇರಳಾತೀತ ಕಿರಣವನ್ನು ಹರಿಸಿ, ಅದು ಬೀರುವ ಪ್ರತಿದೀಪ್ತಿಯಿಂದ ಪ್ರಮಾಣವನ್ನು ತಿಳಿಯುತ್ತಾರೆ. ಹಿಂದಿನವರು ಬೆಳ್ಳಿಬಂಗಾರಗಳನ್ನು ಹಿಡಿಯಲು ಪಾದರಸವನ್ನು ಬಳಸಿದರು. ಇಂದಿನವರು ಪಾದರಸವನ್ನು ಹಿಡಿಯಲು ಬಂಗಾರವನ್ನು ಬಳಸುತ್ತಿದ್ದಾರೆ. ಎರಡರಲ್ಲಿಯೂ ನಡೆಯುವ ಕ್ರಿಯೆ ಒಂದೇ.

ಗಾಳಿಯಲ್ಲಿ ಪಾದರಸವೆಷ್ಟಿದೆಯೆಂದು ತಿಳಿಯುವುದು ಒಂದು ಮಾತು. ಅದು ಮಣ್ಣಿನಿಂದ ಎಷ್ಟು ವೇಗದಲ್ಲಿ ಬರುತ್ತಿದೆಯೆಂದು ತಿಳಿಯುವುದು ಮತ್ತೊಂದು ಮಾತು. ಇದಕ್ಕೆ ಎರಡು ಮಾರ್ಗಗಳಿವೆ. ಮೊದಲನೆಯದು ಕೋಷ್ಠವಿಧಾನ. ತಳವಿಲ್ಲದ ಪಾರದರ್ಶಕ ಪೆಟ್ಟಿಗೆಯೊಂದನ್ನು ನೆಲದ ಮೇಲೆ ಕವುಚಿ, ಅದರೊಳಗೆ ಗೊತ್ತಾದ ವೇಗದಲ್ಲಿ ಗಾಳಿಯನ್ನು ಹರಿಸುತ್ತಾರೆ. ಹೊರಬರುವ ಗಾಳಿಯಲ್ಲಿರುವ ಪಾದರಸದಿಂದ ಒಳಹೋಗುವ ಗಾಳಿಯಲ್ಲಿರುವುದನ್ನು ಕಳೆದು, ಉಳಿದುದನ್ನು ಗಾಳಿಯ ಪ್ರಮಾಣದಿಂದ ಗುಣಿಸಿ, ಪೆಟ್ಟಿಗೆಯು ಮುಚ್ಚಿದ ನೆಲದ ವಿಸ್ತೀರ್ಣದಿಂದ ಭಾಗಿಸಿದರೆ ಹೊಮ್ಮುವ ದರವು ದೊರೆಯುತ್ತದೆ. ಉದಾಹರಣೆಗೆ, ಗಂಟೆಗೆ ೦.೦೯ ಘನ ಮೀಟರು ಗಾಳಿಯು ಹರಿದು, ವ್ಯತ್ಯಾಸವು ಘನ ಮೀಟರಿಗೆ ೨ ನ್ಯಾನೋಗ್ರಾಂ ಇದ್ದು, ನೆಲದ ವಿಸ್ತೀರ್ಣವು ೦.೦೬ ಚದರ ಮೀಟರು ಆಗಿದ್ದರೆ, ದರವು ಚದರ ಮೀಟರಿಗೆ ಗಂಟೆಗೆ ೩ ನ್ಯಾನೋಗ್ರಾಂ ಆಗುತ್ತದೆ.

ಲೆಕ್ಕವು ಸರಳ, ತೊಡಕಿರುವುದು ಪೆಟ್ಟಿಗೆಯಲ್ಲಿ. ಮುಚ್ಚಿದೊಡನೆ ನೆಲದ ಮೇಲಣ ಸಹಜವಾದ ಗಾಳಿಯಾಟವು ನಿಲ್ಲುತ್ತದೆ, ಒಳಗಿನ ಉಷ್ಣತೆಯು ಬದಲಾಗುತ್ತದೆ, ಪೆಟ್ಟಿಗೆಯ ಪದಾರ್ಥವು ನೇರಳಾತೀತ ಕಿರಣವನ್ನು ತಡೆದರೆ ಬೆಳಕಿನಿಂದಾಗುವ ಕ್ರಿಯೆಯು ಕುಗ್ಗುತ್ತದೆ. ಗಾಳಿಯನ್ನು ಮೆಲ್ಲಗೆ ಹರಿಸಿದರೆ ಒಳಗೆ ಆವಿಯು ಸಂಚಯವಾಗಿ ಮಣ್ಣಿನಿಂದ ಮತ್ತಷ್ಟು ಏಳುವುದನ್ನು ತಡೆಯುತ್ತದೆ. ಅಳೆಯುವ ಕ್ರಿಯೆಯೇ ಅಳೆಯಲ್ಪಡುವ ವಸ್ತುವನ್ನು ಮಾರ್ಪಡಿಸುವುದೆಂದರೆ ಇದೇ.

ಎರಡನೆಯದು ವಾಯುವಿಜ್ಞಾನದ ಮಾರ್ಗ. ನೆಲವನ್ನು ಮುಚ್ಚದೆ, ಕಂಬವೊಂದರ ಮೇಲೆ ಬೇರೆಬೇರೆ ಎತ್ತರಗಳಲ್ಲಿ ಪಾದರಸವನ್ನು ಅಳೆದು, ಗಾಳಿಯ ಕಲಕಾಟವನ್ನು ಗಣಿಸಿ ದರವನ್ನು ನಿರ್ಧರಿಸುತ್ತಾರೆ. ಇದು ನೆಲವನ್ನು ಕಲಕುವುದಿಲ್ಲ. ಆದರೆ ವಿಸ್ತಾರವೂ ಸಮತಟ್ಟೂ ಆದ ಬಯಲನ್ನು ಬೇಡುತ್ತದೆ. ಸುಳಿಗಾಳಿಯ ಒಂದೊಂದು ಏರಿಳಿತವನ್ನೂ ನೇರವಾಗಿ ಹಿಡಿದು ಅಳೆಯುವ ವಿಧಾನವು ಸ್ವಿಟ್ಜರ್ಲೆಂಡಿನ ಹುಲ್ಲುಗಾವಲೊಂದರಲ್ಲಿ ಫಲಿಸಿ, ಅದರ ವರದಿಯು ೨೦೨೦ರಲ್ಲಿ ಬೆಳಕಿಗೆ ಬಂದಿತು. ಗಣಿಯೂರುಗಳು ಸಾಮಾನ್ಯವಾಗಿ ಇಕ್ಕಟ್ಟಾದ ಕಣಿವೆಗಳಲ್ಲಿರುವುದರಿಂದ, ಇತಿಹಾಸಕಾರನಿಗೆ ಬೇಕಾದ ಸ್ಥಳಗಳಲ್ಲಿಯೇ ಈ ಮಾರ್ಗವು ಕಷ್ಟಸಾಧ್ಯ.

೩

ಎರಡು ಮಾರ್ಗಗಳು ಒಂದೇ ಉತ್ತರವನ್ನು ಕೊಡುತ್ತವೆಯೇ? ಈ ಪ್ರಶ್ನೆಯನ್ನು ಪರೀಕ್ಷಿಸಲು ೧೯೯೭ರ ಸೆಪ್ಟೆಂಬರಿನಲ್ಲಿ ಅಮೆರಿಕದ ನೆವಾಡಾ ಸಂಸ್ಥಾನದ ರೀನೋ ಪಟ್ಟಣದ ಸಮೀಪದಲ್ಲಿರುವ ಸ್ಟೀಂಬೋಟ್ ಸ್ಪ್ರಿಂಗ್ಸ್ ಎಂಬ ಬಿಸಿನೀರಿನ ಬುಗ್ಗೆಗಳ ಪ್ರದೇಶದಲ್ಲಿ ಹಲವು ಸಂಶೋಧಕ ತಂಡಗಳು ಒಂದೆಡೆ ಸೇರಿದುವು. ಅಲ್ಲಿನ ಮಣ್ಣು ಸಹಜವಾಗಿಯೇ ಪಾದರಸದಿಂದ ಕೂಡಿದ್ದು. ಒಂದೇ ಬಯಲಿನಲ್ಲಿ, ಒಂದೇ ದಿನಗಳಲ್ಲಿ, ಕೋಷ್ಠಗಳನ್ನಿಟ್ಟವರೂ ಕಂಬಗಳನ್ನು ನೆಟ್ಟವರೂ ಅಕ್ಕಪಕ್ಕದಲ್ಲಿ ನಿಂತು ಅಳೆದರು. ಫಲಿತಾಂಶಗಳು ೧೯೯೯ರಲ್ಲಿ ಪ್ರಕಟವಾದುವು. ಹಗಲಿನ ಅವಧಿಯಲ್ಲಿ ಕಂಬದ ಮಾರ್ಗದಿಂದ ದೊರೆತ ಸರಾಸರಿ ದರವು ಕೋಷ್ಠಗಳಿಂದ ದೊರೆತುದಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿದ್ದಿತು. ಕೋಷ್ಠ ಕೋಷ್ಠಗಳ ನಡುವೆಯೂ ಗಾತ್ರಕ್ಕೆ ಮತ್ತು ಗಾಳಿಯ ವೇಗಕ್ಕೆ ತಕ್ಕಂತೆ ಭೇದವಿದ್ದಿತು. ಇದರ ನಡುವೆ ಮಳೆಯು ಬಿದ್ದಿತು; ಒಣನೆಲದ ಮೇಲೆ ನೀರು ಬಿದ್ದೊಡನೆ ಹೊಮ್ಮುವ ದರವು ಸುಮಾರು ಹತ್ತು ಪಟ್ಟು ಏರಿತು. ಮಣ್ಣಿನ ರಂಧ್ರಗಳಲ್ಲಿದ್ದ ಆವಿಯನ್ನು ನೀರು ಹೊರದೂಡುವುದೂ, ಕಣಗಳಿಗೆ ಅಂಟಿದ್ದ ಪಾದರಸವನ್ನು ಬಿಡಿಸುವುದೂ ಇದಕ್ಕೆ ಕಾರಣಗಳೆಂದು ಎಣಿಸಲಾಗಿದೆ.

ಈ ಪ್ರಯೋಗವನ್ನು ವೈಫಲ್ಯವೆಂದು ತಿಳಿಯಬಾರದು. ತಮ್ಮ ಉಪಕರಣಗಳ ಭಿನ್ನತೆಯನ್ನು ತಾವೇ ಸಾರ್ವಜನಿಕವಾಗಿ ಪರೀಕ್ಷಿಸಿಕೊಂಡು ಪ್ರಕಟಿಸಿದ ಪ್ರಾಮಾಣಿಕತೆಯು ಶ್ಲಾಘನೀಯ. ಒಂದೇ ಯುದ್ಧವನ್ನು ಕುರಿತು ಇಬ್ಬರು ಬಖೈರುಕಾರರು ಬೇರೆಬೇರೆ ಸಂಖ್ಯೆಯನ್ನು ಹೇಳಿದಾಗ ನಾವು ಇಬ್ಬರನ್ನೂ ತಳ್ಳಿಹಾಕುವುದಿಲ್ಲ; ಯಾರು ಎಲ್ಲಿ ನಿಂತು ನೋಡಿದರೆಂಬುದನ್ನು ವಿಚಾರಿಸುತ್ತೇವೆ. ಇಲ್ಲಿಯೂ ಹಾಗೆಯೇ. ನಮ್ಮ ಆಕ್ಷೇಪಣೆಯಿರುವುದು ಅಳೆದವರ ಮೇಲಲ್ಲ. ಯಾವ ಮಾರ್ಗ, ಯಾವ ಋತು, ಮಳೆಗೆ ಮುಂಚೆಯೋ ಅನಂತರವೋ ಎಂಬ ವಿವರಗಳನ್ನೆಲ್ಲ ಉದುರಿಸಿ ಬರಿಯ ಅಂಕಿಯನ್ನು ಮಾತ್ರ ಎತ್ತಿಕೊಳ್ಳುವ ಬರಹಗಾರರ ಮೇಲೆ.

ಅನಿಶ್ಚಿತತೆಯು ಎಷ್ಟು ದೊಡ್ಡದೆಂಬುದಕ್ಕೆ ಒಂದು ನಿದರ್ಶನ ಸಾಕು. ಜಗತ್ತಿನಾದ್ಯಂತ ನಡೆದ ಇಂತಹ ಅಳತೆಗಳನ್ನು ಒಟ್ಟುಗೂಡಿಸಿ ಆಗ್ನಾನ್ ಮತ್ತು ಅವರ ಸಹಶೋಧಕರು ೨೦೧೬ರಲ್ಲಿ ಸಮೀಕ್ಷೆಯೊಂದನ್ನು ಪ್ರಕಟಿಸಿದರು. ಭೂಮಿಯ ನೆಲಭಾಗದಿಂದ ವರ್ಷಕ್ಕೆ ನಿವ್ವಳವಾಗಿ ೬೦೭ ಟನ್ನು ಪಾದರಸವು ಹೊಮ್ಮುತ್ತದೆಂದು ಅವರ ಎಣಿಕೆ. ಆದರೆ ಅವರೇ ಕೊಟ್ಟಿರುವ ಮೇರೆಗಳು ಋಣ ೫೧೩ ಟನ್ನಿನಿಂದ ಧನ ೧,೩೫೩ ಟನ್ನಿನವರೆಗೆ ಹಬ್ಬಿವೆ. ಅಂದರೆ, ಒಟ್ಟಾರೆಯಾಗಿ ನೆಲವು ಪಾದರಸವನ್ನು ಬಿಡುತ್ತಿದೆಯೋ ಹೀರುತ್ತಿದೆಯೋ ಎಂಬುದೇ ಖಚಿತವಾಗಿಲ್ಲ. ೬೦೭ ಎಂಬುದನ್ನು ಬರೆದು ಮೇರೆಗಳನ್ನು ಬಿಟ್ಟುಬಿಡುವುದು ಶಾಸನದ ಅರ್ಧವನ್ನು ಓದಿದಂತೆ.

೪

ಇನ್ನು ಎರಡನೆಯ ಪ್ರಶ್ನೆ. ಮಣ್ಣಿನಿಂದ ಇಂದು ಏಳುವ ಆವಿಯು ಯಾವ ಕಾಲದ್ದು? ಮುನ್ನೂರು ವರ್ಷಗಳ ಹಿಂದಿನ ಕುಲುಮೆಯದೋ, ಕಳೆದ ವಾರದ ಮಳೆಯೊಡನೆ ದೂರದ ಕಲ್ಲಿದ್ದಲ ಸ್ಥಾವರದಿಂದ ಬಂದು ಇಳಿದದ್ದೋ? ಆವಿಯ ಪ್ರಮಾಣವನ್ನು ಮಾತ್ರ ಅಳೆದರೆ ಇದಕ್ಕೆ ಉತ್ತರವು ದೊರೆಯದು. ಕೆನಡಾದ ಆಂಟೇರಿಯೊ ಪ್ರಾಂತದ ಪ್ರಾಯೋಗಿಕ ಸರೋವರಗಳ ಪ್ರದೇಶದಲ್ಲಿ ೨೦೦೧ರಿಂದ ನಡೆದ ಪ್ರಯೋಗವೊಂದು ಈ ತೊಡಕನ್ನು ಜಾಣ್ಮೆಯಿಂದ ಬಿಡಿಸಲೆತ್ನಿಸಿತು. ಪಾದರಸದ ಬೇರೆಬೇರೆ ಸ್ಥಿರ ಸಮಸ್ಥಾನಿಗಳನ್ನು ಕಾಡಿನ ನೆಲಕ್ಕೂ ಜವುಗಿಗೂ ಸರೋವರಕ್ಕೂ ಗುರುತಿನ ಮುದ್ರೆಯಂತೆ ಸೇರಿಸಿ, ಹೊಸದಾಗಿ ಬಂದ ಪಾದರಸವು ಹಳೆಯದಕ್ಕಿಂತ ಭಿನ್ನವಾಗಿ ವರ್ತಿಸುವುದೇ ಎಂದು ನೋಡಿದರು. ಮೊದಮೊದಲು ಹೊಸ ಪಾದರಸವು ಹೆಚ್ಚು ಚಲನಶೀಲವಾಗಿದ್ದು, ಕಾಲ ಕಳೆದಂತೆ ಮಣ್ಣಿಗೆ ಕಚ್ಚಿಕೊಂಡು ಹಳೆಯದರ ಸ್ವಭಾವವನ್ನೇ ತಾಳುವುದೆಂದು ತಿಳಿದುಬಂದಿತು. ಆದುದರಿಂದ ಗಣಿಯೂರಿನ ನೆಲದ ಮೇಲಣ ಆವಿಯನ್ನೆಲ್ಲ ಪುರಾತನವೆಂದು ಎಣಿಸುವುದು ತರವಲ್ಲ.

ಮೂರನೆಯದಾಗಿ, ಇಂದಿನ ದರವನ್ನು ಹಿಂದಕ್ಕೆ ಎಳೆಯುವ ಪ್ರಲೋಭನ. ಒಂದು ಕಲ್ಪಿತ ಲೆಕ್ಕವನ್ನು ಪರಿಶೀಲಿಸೋಣ. ಚದರ ಮೀಟರಿಗೆ ಗಂಟೆಗೆ ೧೦೦ ನ್ಯಾನೋಗ್ರಾಂ ದರವಿದೆಯೆಂದು ಇಟ್ಟುಕೊಳ್ಳೋಣ. ವರ್ಷದ ೮,೭೬೦ ಗಂಟೆಗಳಲ್ಲಿ ಅದು ಸುಮಾರು ೦.೮೮ ಮಿಲಿಗ್ರಾಂ, ನಾನೂರು ವರ್ಷಗಳಲ್ಲಿ ಸುಮಾರು ೩೫೦ ಮಿಲಿಗ್ರಾಂ. ಮಣ್ಣಿನ ಮೇಲಣ ಒಂದು ಸೆಂಟಿಮೀಟರು ಪದರವು ಚದರ ಮೀಟರಿಗೆ ೧೫ ಕಿಲೋಗ್ರಾಂ ತೂಗಿ, ಅದರಲ್ಲಿ ಕಿಲೋಗ್ರಾಮಿಗೆ ೧೦ ಮಿಲಿಗ್ರಾಂ ಪಾದರಸವಿದ್ದರೆ, ಒಟ್ಟು ಸಂಗ್ರಹವು ೧೫೦ ಮಿಲಿಗ್ರಾಂ ಮಾತ್ರ. ಅದೇ ದರದಲ್ಲಿ ಹೋದರೆ ನೂರೆಪ್ಪತ್ತು ವರ್ಷಗಳಲ್ಲಿ ಈ ಪದರವು ಬರಿದಾಗಬೇಕು. ಆದ್ದರಿಂದ ಮೂರರಲ್ಲಿ ಒಂದು ನಿಜವಾಗಿರಲೇಬೇಕು: ಹಿಂದೆ ಸಂಗ್ರಹವು ಬಹಳ ಹೆಚ್ಚಾಗಿದ್ದು ದರವೂ ಬೇರೆಯಾಗಿದ್ದಿತು, ಇಲ್ಲವೆ ಕೆಳಗಿನ ಪದರಗಳಿಂದ ಪೂರೈಕೆಯಾಗುತ್ತಿದೆ, ಇಲ್ಲವೆ ಹೋದುದು ಮರಳಿ ಬಂದು ಇಳಿಯುತ್ತಿದೆ. ಇಂದಿನ ದರವನ್ನು ನಾನೂರರಿಂದ ಗುಣಿಸಿದವನು ಈ ಮೂರನ್ನೂ ಮರೆತಂತೆ.

೫

ಈಗ ಕಡತಗಳ ಕಡೆಗೆ ತಿರುಗೋಣ. ಪೆರು ದೇಶದ ವಾಂಕಾವೆಲಿಕಾದ ಇಂಗಲೀಕದ ಗಣಿಯು ೧೫೬೦ರ ದಶಕದಲ್ಲಿ ಸ್ಪೇನಿನವರ ವಶಕ್ಕೆ ಬಂದಿತು. ಅದಕ್ಕೂ ಬಹುಕಾಲ ಮುಂಚೆಯೇ ಅಲ್ಲಿನ ಜನರು ಕೆಂಪು ಬಣ್ಣಕ್ಕಾಗಿ ಇಂಗಲೀಕವನ್ನು ಅಗೆಯುತ್ತಿದ್ದರೆಂಬುದಕ್ಕೆ ಸಮೀಪದ ಸರೋವರಗಳ ಹೂಳಿನಲ್ಲಿ ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಷ್ಟು ಹಿಂದಿನ ಕುರುಹುಗಳಿವೆಯೆಂದು ೨೦೦೯ರ ಸಂಶೋಧನೆಯೊಂದು ತೋರಿಸಿದೆ. ಬೆಳ್ಳಿಯ ಅದಿರನ್ನು ಪಾದರಸದೊಡನೆ ಬೆರೆಸಿ ಲೋಹವನ್ನು ತೆಗೆಯುವ ವಿಧಾನವನ್ನು ಬಾರ್ತೊಲೊಮೆ ದ ಮೆದೀನಾ ಎಂಬಾತನು ೧೫೫೦ರ ದಶಕದಲ್ಲಿ ಮೆಕ್ಸಿಕೊದ ಪಾಚೂಕಾದಲ್ಲಿ ಬಳಕೆಗೆ ತಂದನು. ೧೫೪೫ರಲ್ಲಿ ಬೆಳಕಿಗೆ ಬಂದ ಪೊತೊಸಿಯ ಬೆಳ್ಳಿಬೆಟ್ಟಕ್ಕೆ ಅದು ೧೫೭೦ರ ದಶಕದಲ್ಲಿ, ವೈಸರಾಯ್ ತೊಲೇದೊನ ಆಳ್ವಿಕೆಯಲ್ಲಿ, ‘ಮಿತಾ’ ಎಂಬ ಬಿಟ್ಟಿ ದುಡಿಮೆಯ ಕಟ್ಟಳೆಯೊಡನೆ ಬಂದಿತು. ಪಾದರಸವು ರಾಜನ ಏಕಸ್ವಾಮ್ಯವಾಗಿದ್ದುದರಿಂದ ಅದರ ಒಂದೊಂದು ಕ್ವಿಂಟಾಲಿಗೂ ಲೆಕ್ಕವಿದೆ. ಹೀಗೆ ಉತ್ಪನ್ನವಾದ ಬೆಳ್ಳಿಯಲ್ಲಿ ಗಣನೀಯವಾದ ಭಾಗವು ಯೂರೋಪನ್ನು ಹಾದು ಸೂರತ್ತಿನಂತಹ ಬಂದರುಗಳ ಮೂಲಕ ಮೊಗಲರ ಟಂಕಸಾಲೆಗಳಲ್ಲಿ ರೂಪಾಯಿಯಾಯಿತೆಂಬುದನ್ನು ನೆನೆದರೆ, ಈ ಇತಿಹಾಸವು ನಮಗೆ ತೀರ ಹೊರಗಿನದಲ್ಲವೆಂಬುದು ಸ್ಪಷ್ಟವಾಗುತ್ತದೆ.

ಲೆಕ್ಕಗಳನ್ನು ಆಧರಿಸಿ ರಾಬಿನ್ಸ್ ಮತ್ತು ಹೇಗನ್ ಅವರು ೨೦೧೨ರಲ್ಲಿ ಎರಡು ಅಂಕಿಗಳನ್ನು ಮುಂದಿಟ್ಟರು. ೧೫೬೪ರಿಂದ ೧೮೧೦ರವರೆಗೆ ವಾಂಕಾವೆಲಿಕಾದ ಕುಲುಮೆಗಳಿಂದ ಸುಮಾರು ೧೭,೦೦೦ ಟನ್ನು, ೧೫೭೪ರಿಂದ ೧೮೧೦ರವರೆಗೆ ಪೊತೊಸಿಯ ಬೆಳ್ಳಿಯ ಶುದ್ಧೀಕರಣದಿಂದ ಸುಮಾರು ೩೯,೦೦೦ ಟನ್ನು ಪಾದರಸದ ಆವಿಯು ಹೊರಬಿದ್ದಿತೆಂದು ಅವರ ಅಂದಾಜು. ಮೇಲುನೋಟಕ್ಕೆ ಎರಡೂ ಒಂದೇ ಜಾತಿಯ ಅಂಕಿಗಳಾಗಿ ಕಾಣುತ್ತವೆ. ಪ್ರಸ್ತುತ ಲೇಖಕನ ಅಭಿಪ್ರಾಯದಲ್ಲಿ ಅವು ಹಾಗಲ್ಲ. ವಾಂಕಾವೆಲಿಕಾದಲ್ಲಿ ಇಂಗಲೀಕವನ್ನು ಸುಟ್ಟು, ಎದ್ದ ಆವಿಯನ್ನು ತಣಿಸಿ ಪಾದರಸವನ್ನು ಹಿಡಿಯುತ್ತಿದ್ದರು. ಇಲ್ಲಿ ಪಾದರಸವು ಆವಿಯ ಸ್ಥಿತಿಯನ್ನು ಹಾದೇ ಹೋಗಬೇಕು. ಸೋರಿದುದರಲ್ಲಿ ಬಹುಪಾಲು ಆವಿಯಾಗಿಯೇ ಸೋರಿತೆಂಬುದು ಸಹಜವಾದ ತರ್ಕ. ಪೊತೊಸಿಯಲ್ಲಾದರೋ ಪಾದರಸವು ಒದ್ದೆಯಾದ ಅದಿರಿನ ರಾಶಿಯಲ್ಲಿ ವಾರಗಟ್ಟಲೆ ಬೆರೆತಿರುತ್ತಿದ್ದಿತು. ಅಲ್ಲಿ ಕಳೆದುಹೋದುದರಲ್ಲಿ ಬಹುಭಾಗವು ಆವಿಯಾಯಿತೆಂಬುದು ಕಡತದಲ್ಲಿ ಬರೆದ ಮಾತಲ್ಲ. ಲೆಕ್ಕ ಹಾಕಿದವರು ಸೇರಿಸಿದ ಗ್ರಹಿಕೆ.

ಗೆರೆರೊ ಅವರ ಕೃತಿಯ ಮಹತ್ವವಿರುವುದು ಇಲ್ಲಿಯೇ. ನೂತನ ಸ್ಪೇನಿನ, ಎಂದರೆ ಮೆಕ್ಸಿಕೊದ, ಕಾರ್ಖಾನೆಗಳನ್ನು ಕುರಿತು ಅವರ ವಾದವು ಹೀಗಿದೆ: ಅದಿರಿನ ಬೆಳ್ಳಿಯು ಕ್ಲೋರೈಡಾಗಿ ಮಾರ್ಪಟ್ಟು ಪಾದರಸದೊಡನೆ ವರ್ತಿಸಿದಾಗ ಪಾದರಸದ ಒಂದಂಶವು ಕ್ಯಾಲೊಮೆಲ್ ಎಂಬ ಘನಲವಣವಾಗಿ, ತೊಳೆದ ಗಸಿಯೊಡನೆ ಹೊಳೆಗೂ ಹೊಲಕ್ಕೂ ಸೇರಿಹೋಯಿತು, ಗಾಳಿಗೆ ಹೋದುದು ಅಲ್ಪ. ಇದನ್ನು ಕಡತದಿಂದಲೇ ಪರೀಕ್ಷಿಸಬಹುದು. ಅಧಿಕಾರಿಗಳು ಒಂದು ಕ್ವಿಂಟಾಲು ಪಾದರಸಕ್ಕೆ ನೂರು ಮಾರ್ಕು ಬೆಳ್ಳಿಯನ್ನು ನಿರೀಕ್ಷಿಸುತ್ತಿದ್ದರು. ಕ್ವಿಂಟಾಲೆಂದರೆ ಸುಮಾರು ೪೬ ಕಿಲೋಗ್ರಾಂ, ನೂರು ಮಾರ್ಕೆಂದರೆ ಸುಮಾರು ೨೩ ಕಿಲೋಗ್ರಾಂ. ಪ್ರಮಾಣವು ಎರಡಕ್ಕೆ ಒಂದು. ರಸಾಯನಶಾಸ್ತ್ರದ ಪ್ರಕಾರ ಬೆಳ್ಳಿಯ ಕ್ಲೋರೈಡಿನಿಂದ ಒಂದು ಪರಮಾಣು ಬೆಳ್ಳಿಯನ್ನು ಬಿಡಿಸಲು ಒಂದು ಪರಮಾಣು ಪಾದರಸವು ವ್ಯಯವಾಗುತ್ತದೆ. ಪರಮಾಣು ತೂಕಗಳು ೨೦೦.೬ ಮತ್ತು ೧೦೭.೯ ಆಗಿರುವುದರಿಂದ ತೂಕದ ಪ್ರಮಾಣವು ೧.೮೬ಕ್ಕೆ ಒಂದು. ಗುಮಾಸ್ತರು ಅನುಭವದಿಂದ ಕಂಡುಕೊಂಡ ಎರಡು ಎಂಬ ಸಂಖ್ಯೆಗೂ ಈ ೧.೮೬ಕ್ಕೂ ಇರುವ ಸಾಮೀಪ್ಯವನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ.

ಆದರೂ ಗೆರೆರೊ ಅವರ ತೀರ್ಮಾನವನ್ನು ಮೆಕ್ಸಿಕೊದಿಂದ ಪೊತೊಸಿಗೆ ಹಾಗೆಯೇ ಸಾಗಿಸಲಾಗದು. ಪೊತೊಸಿಯಲ್ಲಿ ಹದಿನಾರನೆಯ ಶತಮಾನದ ಕೊನೆಯ ಭಾಗದಿಂದ ಅದಿರಿಗೆ ಕಬ್ಬಿಣವನ್ನು ಬೆರೆಸುತ್ತಿದ್ದರು. ಕಬ್ಬಿಣವು ಪಾದರಸದ ಕೆಲಸವನ್ನು ತಾನು ಮಾಡಿ ಕ್ಯಾಲೊಮೆಲ್ಲಿನ ಉತ್ಪತ್ತಿಯನ್ನು ತಗ್ಗಿಸುತ್ತದೆ. ಅಲ್ಲಿನ ಪಾದ್ರಿ ಆಲ್ವಾರೊ ಆಲೊನ್ಸೊ ಬಾರ್ಬಾ ೧೬೪೦ರಲ್ಲಿ ಪ್ರಕಟಿಸಿದ ಲೋಹವಿದ್ಯೆಯ ಗ್ರಂಥದಲ್ಲಿ ವಿವರಿಸಿದ, ತಾಮ್ರದ ಕೊಪ್ಪರಿಗೆಯಲ್ಲಿ ಕಾಯಿಸುವ ವಿಧಾನವು ಮತ್ತೂ ಬೇರೆ. ಅಲ್ಲದೆ ಕ್ಯಾಲೊಮೆಲ್ಲು ಶಾಶ್ವತವಾದ ಸೆರೆಮನೆಯಲ್ಲ. ಬೆಳಕು ತಗುಲಿದರೆ ಅದು ಕಪ್ಪಾಗಿ ಒಡೆದು ಲೋಹರೂಪದ ಪಾದರಸವನ್ನು ಬಿಟ್ಟುಕೊಡುತ್ತದೆ. ಆದ್ದರಿಂದ ವಿವಾದದ ನಿಜವಾದ ಸ್ವರೂಪವು ಆವಿಯೋ ಘನವೋ ಎಂಬುದಲ್ಲ. ಅಂದೇ ಹೋದ ಆವಿಯೋ, ನಿಧಾನವಾಗಿ ಶತಮಾನಗಳುದ್ದಕ್ಕೂ ಹೋಗುತ್ತಿರುವ ಆವಿಯೋ ಎಂಬುದು. ಇಲ್ಲಿ ಮಣ್ಣಿನ ಅಳತೆಗೆ ಅದರದೇ ಆದ ಸ್ಥಾನವಿದೆ. ಹಳೆಯ ಗಸಿಯ ರಾಶಿಗಳ ಮೇಲೆ ಋತುಋತುವಿಗೂ ಅಳೆದು, ಅದೇ ಮಣ್ಣಿನಲ್ಲಿ ಪಾದರಸವು ಯಾವ ಲವಣರೂಪದಲ್ಲಿದೆಯೆಂದು ಪರೀಕ್ಷಿಸಿ, ಕಾರ್ಖಾನೆಯ ಕಡತದೊಡನೆ ಹೋಲಿಸಿದರೆ ಎರಡು ಪಕ್ಷಗಳಲ್ಲಿ ಯಾವುದು ಬಲವಾದುದೆಂದು ತಿಳಿಯಬಹುದು. ಮೂರನ್ನೂ ಕೂಡಿಸದೆ ಒಂದರಿಂದಲೇ ತೀರ್ಮಾನಿಸಲಾಗದು.

೬

ಈ ಚರ್ಚೆಯಿಂದ ಯಾರಿಗೆ ಏನು ಪ್ರಯೋಜನವೆಂದು ವಿದ್ಯಾರ್ಥಿಗಳು ಕೇಳಬಹುದು. ಪ್ರಯೋಜನವು ಎರಡು ಕಡೆಗೂ ಇದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ೨೦೧೮ರ ವರದಿಯ ಪ್ರಕಾರ, ೨೦೧೫ರಲ್ಲಿ ಮಾನವ ಚಟುವಟಿಕೆಗಳಿಂದ ಗಾಳಿಗೆ ಸೇರಿದ ಪಾದರಸವು ಸುಮಾರು ೨,೨೨೦ ಟನ್ನು. ಸಣ್ಣಪ್ರಮಾಣದ ಚಿನ್ನದ ಗಣಿಗಾರಿಕೆಯೂ ಕಲ್ಲಿದ್ದಲೂ ಅದರಲ್ಲಿ ಪ್ರಮುಖವಾದುವು. ೨೦೧೩ರಲ್ಲಿ ಅಂಗೀಕೃತವಾಗಿ ೨೦೧೭ರಲ್ಲಿ ಜಾರಿಗೆ ಬಂದ ಮಿನಮಾಟ ಒಪ್ಪಂದಕ್ಕೆ ಭಾರತವು ೨೦೧೮ರಲ್ಲಿ ಸ್ಥಿರೀಕರಣ ನೀಡಿತು. ಹಳೆಯ ಮಣ್ಣಿನ ಪಾಲನ್ನು ಹಿಗ್ಗಿಸಿ ಹೇಳಿದರೆ, ಇಂದು ಕಲ್ಲಿದ್ದಲನ್ನು ಸುಡುವವರು ಸತ್ತುಹೋದ ವೈಸರಾಯಿಗಳ ಬೆನ್ನ ಹಿಂದೆ ಅಡಗಿಕೊಳ್ಳಲು ಅವಕಾಶವಾಗುತ್ತದೆ. ಅದನ್ನು ಕುಗ್ಗಿಸಿ ಹೇಳಿದರೆ, ಆ ಮಣ್ಣಿನ ಮೇಲೆಯೇ ಬಾಳುತ್ತಿರುವವರಿಗೆ ಅನ್ಯಾಯವಾಗುತ್ತದೆ. ವಾಂಕಾವೆಲಿಕಾದಲ್ಲಿ ಬಡವರು ಇಂದಿಗೂ ಊರ ಮಣ್ಣನ್ನೇ ಕಲಸಿ ಮಾಡಿದ ಹಸಿ ಇಟ್ಟಿಗೆಯ ಮನೆಗಳಲ್ಲಿ ವಾಸಿಸುತ್ತಾರೆ. ಹೇಗನ್, ರಾಬಿನ್ಸ್ ಮುಂತಾದವರು ಆ ಮನೆಗಳ ಗೋಡೆ, ನೆಲ, ಗಾಳಿಗಳನ್ನು ಪರೀಕ್ಷಿಸಿ ಪಾದರಸವನ್ನು ಕಂಡಿದ್ದಾರೆ. ಜಾಗತಿಕ ಲೆಕ್ಕದಲ್ಲಿ ಅದು ಎಷ್ಟೇ ಅಲ್ಪವಾದರೂ, ಆ ಕೋಣೆಯಲ್ಲಿ ಮಲಗುವ ಕೂಸಿಗೆ ಅಲ್ಪವಲ್ಲ. ರಾಬಿನ್ಸ್ ಅವರ ಪೊತೊಸಿಯ ಅಂಕಿಯನ್ನು ಒಪ್ಪದವರೂ ಅವರ ಕೃತಿಯ ಈ ಅಂಶಕ್ಕೆ ತಲೆಬಾಗಲೇಬೇಕು.

ನಮ್ಮ ನಾಡಿನಲ್ಲಿಯೂ ಕೋಲಾರದ ಚಿನ್ನದ ಗಿರಣಿಗಳು ಪಾದರಸ ಲೇಪಿಸಿದ ತಾಮ್ರದ ಹಲಗೆಗಳ ಮೇಲೆ ಅದಿರಿನ ಕೆಸರನ್ನು ಹರಿಸಿ ಬಂಗಾರವನ್ನು ಹಿಡಿಯುತ್ತಿದ್ದುವು. ಗಣಿಯು ೨೦೦೧ರಲ್ಲಿ ಮುಚ್ಚಿತು. ಗಸಿಯ ದಿಬ್ಬಗಳು ಉಳಿದಿವೆ. ಅವುಗಳ ಇತಿಹಾಸವನ್ನು ಬರೆಯಹೊರಡುವ ವಿದ್ಯಾರ್ಥಿಯು ಮೇಲ್ಕಂಡ ವಿವಾದದಿಂದ ಮೂರು ಪಾಠಗಳನ್ನು ಕಲಿಯಬಹುದು. ಅಂಕಿಯನ್ನು ಎತ್ತಿಕೊಳ್ಳುವಾಗ ಅದನ್ನು ಅಳೆದ ಮಾರ್ಗ, ಋತು, ಮೇರೆಗಳನ್ನು ಜೊತೆಗೇ ಎತ್ತಿಕೊಳ್ಳಬೇಕು. ಇಂದಿನ ದರವನ್ನು ಹಿಂದಿನ ಕಾಲಕ್ಕೆ ಗುಣಿಸಿ ಒಯ್ಯಬಾರದು. ಕಡತದಲ್ಲಿ ಕಳೆದುಹೋಯಿತೆಂದು ಬರೆದುದು ಎಲ್ಲಿಗೆ ಹೋಯಿತೆಂಬುದನ್ನು ರಸಾಯನಶಾಸ್ತ್ರದಿಂದ ಕೇಳಬೇಕೇ ಹೊರತು ಊಹೆಯಿಂದ ತುಂಬಬಾರದು. ಮಣ್ಣು ಸುಳ್ಳು ಹೇಳುವುದಿಲ್ಲವೆಂಬ ಮಾತು ನಿಜ. ಆದರೆ ಅದು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ, ಮತ್ತು ಕೇಳುವ ರೀತಿಗೆ ತಕ್ಕಂತೆ ಕೊಡುತ್ತದೆ. ಪ್ರಶ್ನೆಯನ್ನು ಸರಿಯಾಗಿ ರೂಪಿಸುವ ಹೊಣೆಯನ್ನು ಇತಿಹಾಸಕಾರನು ಪ್ರಯೋಗಶಾಲೆಗೆ ಬಿಟ್ಟುಕೊಡುವಂತಿಲ್ಲ.